ಕೂದಲಿಗೂ ನೋಟಿಸ್ ಪೀರಿಯಡ್ ಇದೆ

ಕಳೆದ ಅಕ್ಟೋಬರ್‌ನಲ್ಲಿ ನಾನು ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ಅದಕ್ಕೆ ‘ಮನೆ ಖರ್ಚು 2’ ಅಂತ ಹೆಸರಿಟ್ಟಿದ್ದೆ, ಯಾರಾದ್ರೂ ನೋಡಿದ್ರೆ ನಾಚಿಕೆ ಅಂತ. ಒಳಗಿದ್ದದ್ದು ಎರಡೇ ಕಾಲಂ. ತಾರೀಖು, ಉದುರಿದ ಕೂದಲು. ದಿಂಬಿನ ಮೇಲಿದ್ದದ್ದು, ಬಾಚಣಿಗೆಯಲ್ಲಿ ಸಿಕ್ಕಿದ್ದು, ಬಾತ್‌ರೂಮಿನ ಜಾಲರಿಗೆ ಸುತ್ತಿಕೊಂಡದ್ದು, ಎಲ್ಲವನ್ನೂ ಬಿಳಿ ಟಿಶ್ಯೂ ಮೇಲೆ ಹರಡಿ ಎಣಿಸ್ತಿದ್ದೆ. ಮೊದಲ ದಿನ 184. ತಲೆಸ್ನಾನದ ದಿನ 310. ಆವತ್ತು ಬಾತ್‌ರೂಮಲ್ಲೇ ಕೂತು ಅತ್ತಿದ್ದೆ ಅನ್ನೋದನ್ನ ಮಾತ್ರ ಶೀಟ್‌ನಲ್ಲಿ ಬರೀಲಿಲ್ಲ.

ಈ ಅಂಕಣಕ್ಕೆ ಬರೋ ಮೇಲ್‌ಗಳಲ್ಲಿ ಸಂಬಳ, ಇಎಂಐ, ಮ್ಯಾನೇಜರ್ ಕಾಟ ಬಿಟ್ಟರೆ ಅತಿ ಹೆಚ್ಚು ಇರೋದು ಕೂದಲಿನ ಬಗ್ಗೆ. ‘ಮೇಡಂ, ಬೆಂಗಳೂರಿಗೆ ಬಂದ ಮೇಲೆ ಶುರುವಾಯ್ತು, ಯಾವ ಶ್ಯಾಂಪೂ ಹಾಕಲಿ?’ ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋಳು. ಆದ್ರೆ ಐದು ತಿಂಗಳು ಈ ಬಗ್ ಹಿಂದೆ ಬಿದ್ದು, ಕಾಸೂ ಕಳ್ಕೊಂಡು, ಬೇಡದ ಮಾತ್ರೆಯನ್ನೂ ನುಂಗುವುದರಲ್ಲಿದ್ದೆ. ಅದನ್ನ ಬರೆದ್ರೆ ನಿಮ್ಮಲ್ಲಿ ಕೆಲವರ ಕಾಸಾದ್ರೂ ಉಳಿಯಬಹುದು.

ನಂದು ಹೇಗಾಯ್ತು ಅಂದ್ರೆ, ಅಕ್ಟೋಬರ್ ಮೊದಲ ವಾರ ಮಾರತ್ತಹಳ್ಳಿಯ ಪಿಜಿ ಬಿಟ್ಟು, ಇಬ್ಬರು ಗೆಳತಿಯರ ಜೊತೆ ವರ್ತೂರು ಕಡೆ ಒಂದು ಫ್ಲ್ಯಾಟ್ ಹಿಡಿದೆ. ಅಲ್ಲಿ ಬೋರ್‌ವೆಲ್ ನೀರು, ಅದೂ ಸಾಲದಾಗ ಟ್ಯಾಂಕರ್. ನಲ್ಲಿ ತುದಿಗೆ ಬಿಳಿ ಪೊರೆ ಕಟ್ಟುತ್ತೆ, ಸೋಪು ಎಷ್ಟು ಉಜ್ಜಿದ್ರೂ ನೊರೆ ಬರಲ್ಲ. ಎರಡೇ ವಾರಕ್ಕೆ ಕೂದಲು ಕೈಗೆ ಬರೋಕೆ ಶುರುವಾಯ್ತು. ಇದಕ್ಕಿಂತ ಸಾಕ್ಷಿ ಬೇಕಾ? ಪ್ರೊಡಕ್ಷನ್ ಕೆಟ್ಟರೆ ನಾವು ಮೊದಲು ಕೇಳೋದು ‘ಕೊನೇದಾಗಿ ಏನು ಬದಲಾಯಿಸಿದ್ರಿ?’ ಅಂತ ತಾನೇ. ನೀರು ಬದಲಾಯಿತು, ಕೂದಲು ಉದುರಿತು. ಕೇಸ್ ಕ್ಲೋಸ್.

1,900 ರೂಪಾಯಿ ಕೊಟ್ಟು ಶವರ್ ಫಿಲ್ಟರ್ ಹಾಕಿಸಿದೆ. ಮೂರು ವಾರ ಆದ್ರೂ ಎಕ್ಸೆಲ್ ಸಂಖ್ಯೆ ಇಳೀಲಿಲ್ಲ. ಅನುಮಾನ ಬಂದು, ಹನಿ ಹಾಕಿ ನೀರಿನ ಗಡಸುತನ ಅಳೆಯೋ ಸಣ್ಣ ಕಿಟ್ ತರಿಸಿ ನೋಡಿದ್ರೆ, ಫಿಲ್ಟರ್‌ಗೆ ಮೊದಲೂ ನಂತರವೂ ಅಷ್ಟೇ ಹನಿ. ಆಮೇಲೆ ಓದಿದಾಗ ಗೊತ್ತಾಯ್ತು. ಶವರ್‌ಗೆ ಸಿಕ್ಕಿಸೋ ಸಣ್ಣ ಫಿಲ್ಟರ್‌ಗಳು ಬಹುತೇಕ ಕ್ಲೋರಿನ್, ಕೆಸರು ಹಿಡಿಯೋಕೆ ಇರೋವು. ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೀಬೇಕು ಅಂದ್ರೆ ಉಪ್ಪು ಹಾಕಿ ನಡೆಸೋ ದೊಡ್ಡ ಸಾಫ್ಟ್‌ನರ್ ಬೇಕು. ಅಷ್ಟಕ್ಕೂ ಗಡಸು ನೀರು ಕೂದಲಿನ ಮೇಲ್ಮೈಯನ್ನ ಒರಟು ಮಾಡುತ್ತೆ, ಸಿಕ್ಕಾಗಿಸುತ್ತೆ, ಮಧ್ಯೆ ತುಂಡಾಗೋ ಹಾಗೆ ಮಾಡಬಹುದು. ನನ್ನ ಟಿಶ್ಯೂ ಮೇಲಿದ್ದದ್ದು ತುಂಡುಗಳಲ್ಲ. ಪೂರ್ತಿ ಉದ್ದದ ಕೂದಲು, ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ.

ಆ ಬಿಳಿ ಚುಕ್ಕೆ ನೋಡಿ ‘ಬುಡಸಮೇತ ಬಂತು, ಇನ್ನು ಅಲ್ಲಿ ಹುಟ್ಟಲ್ಲ’ ಅಂತ ಹೆದರಿದ್ದೆ. ನಿಮ್ಮಲ್ಲೂ ಹಲವರು ಹಾಗೇ ಬರೀತೀರಿ. ಅದು ಬುಡ ಅಲ್ಲ. ಬೆಳೆಯೋದು ನಿಲ್ಲಿಸಿದ ಕೂದಲಿನ ತುದಿ ಗಂಟು ಕಟ್ಟಿಕೊಂಡಿರೋದು. ಹೊಸ ಕೂದಲು ಹುಟ್ಟಿಸೋ ಕೊಳವೆ ಚರ್ಮದ ಒಳಗೇ ಕ್ಷೇಮವಾಗಿರುತ್ತೆ.

ಆ ಹೊತ್ತಿಗೆ ಈರುಳ್ಳಿ ಎಣ್ಣೆ ಬಂದಿತ್ತು, ಅದರ ಹಿಂದೆ ಆನ್‌ಲೈನ್‌ನಲ್ಲಿ ಹತ್ತು ಪ್ರಶ್ನೆ ಕೇಳಿ ‘ನಿಮಗೇ ಅಂತ ತಯಾರಿಸಿದ್ದು’ ಅನ್ನೋ ತಿಂಗಳ ಕಿಟ್ಟೂ ಬಂತು. ಶ್ಯಾಂಪೂ, ಸೀರಮ್, ಒಂದು ಡಬ್ಬಿ ಬಯೋಟಿನ್ ಮಾತ್ರೆ. ಮಾತ್ರೆ ಒಂದೊಂದೂ 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗೋದು ಸುಮಾರು 30 ಮೈಕ್ರೋಗ್ರಾಂ, ಅದು ಮೊಟ್ಟೆ, ಕಡಲೆಬೀಜ, ಕಾಳುಗಳಲ್ಲೇ ಸಿಗುತ್ತೆ. ಆಗ ನಾನು ಈ ಲೆಕ್ಕ ನೋಡಲಿಲ್ಲ. ಜಾಸ್ತಿ ಇದ್ರೆ ಒಳ್ಳೇದೇ ಅಂದ್ಕೊಂಡೆ.

ದೀಪಾವಳಿಗೆ ತಿಪಟೂರಿಗೆ ಹೋದಾಗ ಅಮ್ಮ ಬಾಗಿಲಲ್ಲೇ ನನ್ನ ಜಡೆ ಹಿಡಿದು, “ಏನೇ ಇದು, ಇಲಿ ಬಾಲ ಆಗಿದೆಯಲ್ಲೇ!” ಅಂದ್ರು. ದೊಡ್ಡಮ್ಮ ಅಲ್ಲೇ ಕೂತಿದ್ರು. “ಈಗ ಬೇರೆ ಹುಡುಗನ ಕಡೆಯವರು ಬರೋ ಹೊತ್ತು. ಆ ಕೆಲಸ ಬಿಟ್ಟು ಬಂದ್ಬಿಡು ಪುಟ್ಟಿ, ಕೂದಲಾದ್ರೂ ಉಳಿಯುತ್ತೆ” ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ. ವಾಪಸ್ ಬರುವಾಗ ಅಮ್ಮ ಗಾಣದ ಕೊಬ್ಬರಿ ಎಣ್ಣೆ ಎರಡು ಲೀಟರ್ ಕೊಟ್ಟು ಕಳಿಸಿದ್ರು. ಈ ಎಣ್ಣೆಯ ವಿಷಯಕ್ಕೆ ಮತ್ತೆ ಬರ್ತೀನಿ.

ನವೆಂಬರ್‌ನಲ್ಲಿ ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್. ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ ಅಂತ ಎರಡೂ ಕೆಂಪು ಅಕ್ಷರದಲ್ಲಿ ಬಂತು. ಹತ್ತಿರದ ಕ್ಲಿನಿಕ್‌ಗೆ ಹೋದೆ. ರಿಪೋರ್ಟ್ ನೋಡಿದ ಡಾಕ್ಟರ್, “ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದೆ, ಕೂದಲು ಉದುರೋದು ಅದಕ್ಕೇ” ಅಂದು, ಅದನ್ನ ತಗ್ಗಿಸೋ ಮಾತ್ರೆ ಬರೆದುಕೊಟ್ರು. ನಿಜ ಹೇಳ್ತೀನಿ, ನನಗೆ ಸಮಾಧಾನವೇ ಆಯ್ತು. ಒಂದು ಹೆಸರು ಸಿಕ್ಕಿತ್ತಲ್ಲ. ಮಾತ್ರೆ ಕೊಂಡು ಬ್ಯಾಗಲ್ಲಿ ಇಟ್ಕೊಂಡೆ. ನುಂಗೋ ಮೊದಲು ಚರ್ಮದ ಡಾಕ್ಟರಿಗೂ ಒಂದು ಸಲ ತೋರಿಸೋಣ ಅನ್ನಿಸಿದ್ದು ನನ್ನ ಜಾಣತನ ಅಲ್ಲ. ಆ ಅಪಾಯಿಂಟ್‌ಮೆಂಟ್ ಎರಡು ವಾರ ಮೊದಲೇ ತಗೊಂಡಿದ್ದೆ, ದುಡ್ಡು ಕಟ್ಟಾಗಿತ್ತು, ಬಿಡೋಕೆ ಮನಸ್ಸಾಗಲಿಲ್ಲ. ಅಷ್ಟೇ.

ಆ ಡಾಕ್ಟರ್ ಮೇಡಂ ನನ್ನ ಎಕ್ಸೆಲ್ ನೋಡಿ ನಗಲಿಲ್ಲ. ಬೈತಲೆ ನೋಡಿದ್ರು, ಐವತ್ತು-ಅರವತ್ತು ಕೂದಲನ್ನ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ಎಷ್ಟು ಬಂತು ಅಂತ ನೋಡಿದ್ರು. ಆಮೇಲೆ ಎರಡು ಪ್ರಶ್ನೆ. “ಈಗ ಯಾವ ಯಾವ ಮಾತ್ರೆ ತಗೋತಿದೀಯಮ್ಮ?” ಮತ್ತೆ, “ಜುಲೈನಲ್ಲಿ ಏನಾಗಿತ್ತು?”

ಜುಲೈನಲ್ಲಿ? ಕೂದಲು ಉದುರಿದ್ದು ಅಕ್ಟೋಬರ್‌ನಲ್ಲಿ ಮೇಡಂ ಅಂದೆ. “ಅದಕ್ಕೇ ಕೇಳ್ತಿರೋದು” ಅಂದ್ರು.

ಜುಲೈನಲ್ಲಿ ನನಗೆ ಡೆಂಗ್ಯೂ ಆಗಿತ್ತು. ಆರು ದಿನ ಸುಡೋ ಜ್ವರ, ನಾಲ್ಕು ದಿನ ಆಸ್ಪತ್ರೆ. ಆಗಸ್ಟ್‌ಗೆ ಆರಾಮಾಗಿ ಕೆಲಸಕ್ಕೆ ಹೋಗ್ತಿದ್ದೆ, ಅದು ಮರೆತೇ ಹೋಗಿತ್ತು.

ಇಲ್ಲಿ ನಿಮಗೆ ಕೂದಲಿನ ಲೆಕ್ಕ ಹೇಳಲೇಬೇಕು. ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತೆ. ಒಂದೊಂದಕ್ಕೂ ಅದರದ್ದೇ ಕ್ಯಾಲೆಂಡರ್. 2ರಿಂದ 6 ವರ್ಷ ಬೆಳೆಯುತ್ತೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು-ಮೂರು ವಾರದಲ್ಲಿ ಬುಡ ಕುಗ್ಗುತ್ತೆ. ಅಲ್ಲಿಂದ ಸುಮಾರು 3 ತಿಂಗಳು ಏನೂ ಕೆಲಸ ಮಾಡದೆ ಅಲ್ಲೇ ಕೂತಿದ್ದು, ಉದುರಿಹೋಗುತ್ತೆ. ಯಾವಾಗ ನೋಡಿದ್ರೂ ನೂರಕ್ಕೆ 85-90 ಬೆಳೀತಿರುತ್ತೆ, ಉಳಿದವು ಹೊರಡೋಕೆ ಕಾಯ್ತಿರುತ್ತೆ. ಹಾಗಾಗಿ ದಿನಕ್ಕೆ 50ರಿಂದ 100 ಬೀಳೋದು ಸಹಜ.

ಈಗ ಮೈಗೆ ಒಂದು ದೊಡ್ಡ ಪೆಟ್ಟು ಬಿತ್ತು ಅನ್ಕೊಳ್ಳಿ. ಜೋರು ಜ್ವರ, ಟೈಫಾಯ್ಡ್, ಆಪರೇಷನ್, ಹೆರಿಗೆ, ಎರಡೇ ತಿಂಗಳಲ್ಲಿ ಹತ್ತು ಕೆಜಿ ಇಳಿಸೋ ಡಯಟ್, ಮನೆಯಲ್ಲಿ ಸಾವು. ದೇಹಕ್ಕೆ ಆಗ ಕೂದಲು ಮುಖ್ಯ ಅಲ್ಲ. ಬೆಳೀತಿದ್ದ ಕೂದಲುಗಳಲ್ಲಿ ಒಂದು ದೊಡ್ಡ ಪಾಲು ಒಟ್ಟಿಗೇ ರಾಜೀನಾಮೆ ಕೊಡುತ್ತೆ. ಆದ್ರೆ ಅವತ್ತೇ ಹೋಗಲ್ಲ. ನಮ್ಮ ಕಂಪನಿಗಳ ಥರಾನೇ ಅದಕ್ಕೂ 90 ದಿನದ ನೋಟಿಸ್ ಪೀರಿಯಡ್. ಜುಲೈನಲ್ಲಿ ಪೇಪರ್ ಹಾಕಿದವು ನನ್ನ ತಲೆಯಲ್ಲೇ ಆರಾಮಾಗಿ ಕೂತಿದ್ದು, ಅಕ್ಟೋಬರ್‌ನಲ್ಲಿ ಒಟ್ಟಿಗೇ ಹೊರಟವು. ಡಾಕ್ಟರುಗಳು ಇದಕ್ಕೆ ಟೆಲೋಜನ್ ಎಫ್ಲೂವಿಯಮ್ ಅಂತಾರೆ. ಕೋವಿಡ್ ಆದ ಎರಡು-ಮೂರು ತಿಂಗಳಿಗೆ ಎಷ್ಟೋ ಜನರ ಕೂದಲು ಉದುರಿದ್ದೂ ಇದೇ ಕಥೆ.

ಅಂದ್ರೆ ನಾನು ಅನುಮಾನಪಟ್ಟ ವರ್ತೂರಿನ ನೀರು, ಅಪರಾಧ ನಡೆದಾಗ ಊರಲ್ಲೇ ಇರಲಿಲ್ಲ.

ಇನ್ನು ಮೊದಲ ಪ್ರಶ್ನೆ, ಮಾತ್ರೆಯದ್ದು. ಬಯೋಟಿನ್ ಡಬ್ಬಿ ತೋರಿಸಿದ ಕೂಡಲೇ ಅವರು ಥೈರಾಯ್ಡ್ ರಿಪೋರ್ಟನ್ನ ಪಕ್ಕಕ್ಕಿಟ್ಟರು. “ಇದನ್ನ ನಿಲ್ಲಿಸು, ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಡು. ಅಲ್ಲಿವರೆಗೆ ಆ ಇನ್ನೊಂದು ಮಾತ್ರೆ ಮುಟ್ಟಬೇಡ” ಅಂದ್ರು. ವಾರ ಬಿಟ್ಟು ಮಾಡಿಸಿದ್ರೆ ಟಿಎಸ್‌ಎಚ್, ಟಿ4 ಎರಡೂ ನಾರ್ಮಲ್. ಹಲವು ಲ್ಯಾಬ್ ಯಂತ್ರಗಳು ಹಾರ್ಮೋನನ್ನ ಹಿಡಿಯೋಕೆ ಬಯೋಟಿನ್ನನ್ನೇ ಅಂಟಿನ ಥರ ಬಳಸುತ್ತವೆ. ರಕ್ತದಲ್ಲೇ ಅದು ತುಂಬಿಕೊಂಡಿದ್ರೆ ಅಂಟಬೇಕಾದ ಜಾಗವನ್ನೆಲ್ಲ ಅದೇ ಹಿಡಿದುಬಿಡುತ್ತೆ. ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ, ಟಿ4 ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ. ಅಂದ್ರೆ ಸಿಸ್ಟಮ್ ಸರಿ ಇತ್ತು, ಲಾಗ್ ಬರೆಯೋ ಕೋಡ್‌ನಲ್ಲೇ ಬಗ್ ಇತ್ತು. ಎಲ್ಲ ಯಂತ್ರಗಳೂ ಹೀಗಲ್ಲ, ಆದ್ರೆ ನಿಮ್ಮ ಲ್ಯಾಬ್‌ನದ್ದು ಯಾವುದು ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಅಮೆರಿಕದ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆ ಮಾಡೋ ಟ್ರೋಪೋನಿನ್ ಪರೀಕ್ಷೆ ಕೂಡ ಹೀಗೇ ತಪ್ಪಾಗಿ ಕಡಿಮೆ ತೋರಿಸಬಹುದು. ‘ಹೇರ್ ಮಾತ್ರೆ ತಾನೇ’ ಅಂತ ಡಾಕ್ಟರಿಗೆ ಹೇಳದೆ ಬಿಡೋರು ದಯವಿಟ್ಟು ಹೇಳಿ. ಆ ಮೊದಲಿನ ಡಾಕ್ಟರ್ ಕೇಳಲಿಲ್ಲ ಅಂತ ನನಗೆ ಈಗಲೂ ಸಿಟ್ಟಿದೆ. ನಾನೂ ಹೇಳಲಿಲ್ಲ ಅನ್ನೋದೂ ನಿಜ.

ಎರಡನೇ ಸಲ ರಕ್ತ ಕೊಟ್ಟಾಗ ಒಂದು ನಿಜವಾದ ಕೊರತೆ ಸಿಕ್ಕಿತು. ಫೆರಿಟಿನ್ 11. ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ ಅದು, ಹೆಚ್ಚುಕಡಿಮೆ ಖಾಲಿ. ಹಿಮೋಗ್ಲೋಬಿನ್ ಮಾತ್ರ ಪರವಾಗಿರಲಿಲ್ಲ, ಅದಕ್ಕೇ ಆಫೀಸಿನ ಚೆಕಪ್‌ನಲ್ಲಿ ಗೊತ್ತಾಗಿರಲಿಲ್ಲ. ಕಬ್ಬಿಣದ ಮಾತ್ರೆ ಬರೆದ್ರು, ‘ಕಾಫಿ-ಟೀ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ತಗೋ’ ಅಂದ್ರು. ಕೂದಲಿಗೆ ಅಂತ ಬೇರೆ ಏನೂ ಕೊಡಲಿಲ್ಲ. ಕಾರಣ ಹೋದ ಮೇಲೆ ಇದು ತಾನಾಗೇ ಮೂರರಿಂದ ಆರು ತಿಂಗಳಲ್ಲಿ ನಿಲ್ಲುತ್ತೆ ಅಂದ್ರು. 800 ರೂಪಾಯಿ ಕೊಟ್ಟು ‘ಕಾಯಿರಿ’ ಅನ್ನೋ ಉತ್ತರ ತಗೊಂಡು ಬರೋದು ಎಷ್ಟು ಕಷ್ಟ ಗೊತ್ತಾ? ಆ ಕಿಟ್‌ನವರು ಇದನ್ನ ಚೆನ್ನಾಗಿ ಬಲ್ಲರು.

ನನಗೆ ಅತಿ ಹೆಚ್ಚು ಕಣ್ಣು ತೆರೆಸಿದ್ದು ಈ ಭಾಗವೇ. ಮೂರು ತಿಂಗಳ ತಡ ಎರಡೂ ಕಡೆ ಮೋಸ ಮಾಡುತ್ತೆ. ಉದುರೋಕೆ ಶುರುವಾದಾಗ ಹೋದ ವಾರ ಬದಲಾದದ್ದನ್ನ ಬೈತೀವಿ. ನಿಂತಾಗ ಹೋದ ವಾರ ಹಚ್ಚಿದ್ದನ್ನ ಹೊಗಳ್ತೀವಿ. ಈರುಳ್ಳಿ ರಸ ಹಚ್ಚಿ ಎರಡು ತಿಂಗಳಲ್ಲಿ ಕೂದಲು ಉದುರೋದು ನಿಂತುಹೋಯ್ತು ಅಂತ ವೀಡಿಯೋ ಮಾಡೋ ಹುಡುಗಿ ಸುಳ್ಳು ಹೇಳ್ತಿರಬೇಕು ಅಂತೇನಿಲ್ಲ. ಅವಳಿಗೆ ನಿಂತಿದ್ದು ನಿಜ. ಏನೂ ಹಚ್ಚದೆ ಇದ್ರೂ ನಿಲ್ಲುತ್ತಿತ್ತೇನೋ ಅಂತ ನೋಡೋಕೆ ಅವಳ ಬಳಿ ಇನ್ನೊಂದು ತಲೆ ಇಲ್ಲ.

ಆದ್ರೆ ಎಲ್ಲ ಉದುರುವಿಕೆಯೂ ಹೀಗೆ ತಾನಾಗಿ ನಿಲ್ಲಲ್ಲ, ಇದನ್ನ ಜೋರಾಗಿ ಹೇಳಬೇಕು. ಹುಡುಗರಿಗೆ ಹಣೆಯ ಎರಡು ಮೂಲೆ ಹಿಂದಕ್ಕೆ ಸರಿಯುತ್ತಾ, ನಡುನೆತ್ತಿ ತೆಳ್ಳಗಾಗುತ್ತಾ ಹೋದ್ರೆ, ಹುಡುಗಿಯರಿಗೆ ವರ್ಷದಿಂದ ವರ್ಷಕ್ಕೆ ಬೈತಲೆ ಅಗಲವಾಗುತ್ತಾ ಹೋದ್ರೆ ಅದು ವಂಶವಾಹಿ ಮತ್ತು ಹಾರ್ಮೋನಿನ ವಿಷಯ. ಅಲ್ಲಿ ಕಾಯೋದೇ ತಪ್ಪು. ಮಿನಾಕ್ಸಿಡಿಲ್ ಅನ್ನೋ ಔಷಧಿಗೆ ಸಾಕ್ಷ್ಯ ಇದೆ. ಬಿಪಿ ಮಾತ್ರೆಯಾಗಿ ಬಂದದ್ದು, ತಗೊಂಡವರ ಮೈಮೇಲೆ ಕೂದಲು ಬೆಳೆದದ್ದು ನೋಡಿ ತಲೆಗೆ ಬಂತು. ಅದನ್ನ ಹಚ್ಚಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು, ಹೆದರಿ ಬಿಡೋರೇ ಹೆಚ್ಚು. ಗುಣ ಕಾಣೋಕೆ ನಾಲ್ಕರಿಂದ ಆರು ತಿಂಗಳು, ನಿಲ್ಲಿಸಿದ್ರೆ ಬಂದದ್ದೂ ಹೋಗುತ್ತೆ. ಡಾಕ್ಟರ್ ಕೇಳಿಯೇ ಶುರು ಮಾಡಿ. ನಾಣ್ಯದಷ್ಟು ಜಾಗ ದುಂಡಗೆ ಬೋಳಾದ್ರೆ, ತಲೆಬುರುಡೆ ಉರಿದು ಕೀವಾದ್ರೆ ಈ ಅಂಕಣ ಮುಚ್ಚಿ ಇವತ್ತೇ ಅಪಾಯಿಂಟ್‌ಮೆಂಟ್ ತಗೊಳ್ಳಿ.

ಉಳಿದ ಮೇಲ್‌ಗಳಿಗೆ ಬೇಗ ಬೇಗ ಹೇಳ್ತೀನಿ. ಮುಡಿ ಕೊಟ್ಟು ಬಂದ್ರೆ ದಟ್ಟವಾಗಿ ಬರುತ್ತಾ? ಇಲ್ಲ. ಕತ್ತರಿಸಿದ ತುದಿ ಮೊಂಡಾಗಿರೋದ್ರಿಂದ ಕೈಗೆ ಒರಟಾಗಿ, ದಪ್ಪ ಅನ್ನಿಸುತ್ತೆ, ಅಷ್ಟೇ. ಹರಕೆ ಇದ್ರೆ ಕೊಡಿ, ಕೂದಲಿಗಾಗಿ ಬೇಡ. ಒಂದು ಬಿಳಿ ಕೂದಲು ಕಿತ್ತರೆ ನಾಲ್ಕು ಬರಲ್ಲ, ಒಂದು ಕೊಳವೆಯ ಬಣ್ಣ ಪಕ್ಕದ್ದಕ್ಕೆ ಅಂಟಲ್ಲ. ಹೆಲ್ಮೆಟ್‌ನಿಂದ ಬೊಕ್ಕತಲೆ ಆಗಲ್ಲ, ಹೆಲ್ಮೆಟ್ ಇಲ್ಲದಿದ್ರೆ ತಲೆಯೇ ಉಳಿಯಲ್ಲ. ದಿನಾ ಬಿಗಿಯಾಗಿ ಎಳೆದು ಜುಟ್ಟು ಹಾಕಿದ್ರೆ ಮಾತ್ರ ಹಣೆ ಅಂಚಿನ ಕೂದಲು ನಿಜವಾಗ್ಲೂ ಹೋಗುತ್ತೆ, ವರ್ಷಗಟ್ಟಲೆ ಹಾಗೇ ಮಾಡಿದ್ರೆ ವಾಪಸ್ ಬರದೇ ಇರಬಹುದು. ಮತ್ತೆ, ಉದುರುತ್ತೆ ಅಂತ ತಲೆಸ್ನಾನ ಬಿಡಬೇಡಿ. ಶ್ಯಾಂಪೂ ಹಾಕಿದಾಗ ಬೀಳೋವು ಆಗಲೇ ರಾಜೀನಾಮೆ ಕೊಟ್ಟವೇ. ನಾನು ಹೆದರಿ ಆರು ದಿನ ತೊಳೀದೆ ಇದ್ದದ್ದಕ್ಕೇ ಆ 310.

ಗುಂಗುರು ಕೂದಲಿನವರ ಮೇಲ್‌ಗೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು, ಯಾಕಂದ್ರೆ ನಾನೂ ಆ ಪಂಗಡದವಳೇ. ಕೂದಲು ನೆಟ್ಟಗೋ ಗುಂಗುರೋ ಅನ್ನೋದು ಬಹುಮಟ್ಟಿಗೆ ಚರ್ಮದೊಳಗಿನ ಕೊಳವೆಯ ಆಕಾರದಲ್ಲೇ ತೀರ್ಮಾನ ಆಗಿರುತ್ತೆ. ಕೊಳವೆ ಬಾಗಿದ್ರೆ ಕೂದಲೂ ಬಾಗಿ ಬರುತ್ತೆ. ಯಾವ ಶ್ಯಾಂಪೂನೂ ಅಲ್ಲಿಗೆ ತಲುಪಲ್ಲ. ಸ್ಕೂಲಿಗೆ ಹೊರಡುವಾಗ ಅಮ್ಮ ಒಣಗಿದ ನನ್ನ ಕೂದಲನ್ನ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಜಗ್ಗಿ ಜಗ್ಗಿ ಬಾಚ್ತಿದ್ರು. ಅದು ಪೊರಕೆ ಥರ ನಿಲ್ತಿತ್ತು, ಇಬ್ಬರಿಗೂ ಕಣ್ಣೀರು. ಒದ್ದೆ ಇದ್ದಾಗ ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸಿಕೊಂಡು ಬಂದ್ರೆ ಮುಗೀತು ಅನ್ನೋದು ನನಗೆ ಗೊತ್ತಾದದ್ದು 26ನೇ ವಯಸ್ಸಿಗೆ. ಪಾರ್ಲರ್‌ನಲ್ಲಿ ಸ್ಮೂತ್ನಿಂಗ್ ಮಾಡಿಸಿದ್ರೂ ಹೊಸದಾಗಿ ಹುಟ್ಟೋದು ಗುಂಗುರೇ, ಆರು ತಿಂಗಳಿಗೆ ಬುಡದಲ್ಲಿ ಆರು ಸೆಂಟಿಮೀಟರ್ ಸುರುಳಿ, ಕೆಳಗೆ ಕಡ್ಡಿ. ಅಂಥ ಕ್ರೀಮ್‌ಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದರ ಬದಲು ಬಂದ ಗ್ಲೈಯಾಕ್ಸಿಲಿಕ್ ಆಮ್ಲ ಬಳಸಿದ ಮೇಲೆ ಕಿಡ್ನಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಮದುವೆಗೆ ಅಂತ ಮಾಡಿಸೋರು ಡಬ್ಬಿ ಮೇಲೆ ಏನು ಬರೆದಿದೆ ಅಂತ ಓದಿ.

ಈಗ ಎಣ್ಣೆ. ತಿಪಟೂರಿನವಳು ಕೊಬ್ಬರಿ ಎಣ್ಣೆ ಬಗ್ಗೆ ಕೆಟ್ಟದಾಗಿ ಬರೆದ್ರೆ ಊರಿಗೆ ಸೇರಿಸಲ್ಲ. ಬರೆಯೋ ಅಗತ್ಯವೂ ಇಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯ ಒಳಗೆ ಇಳಿಯುತ್ತೆ, ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನ್ ನಷ್ಟವಾಗೋದನ್ನ ತಗ್ಗಿಸುತ್ತೆ. ಮಿನರಲ್ ಆಯಿಲ್, ಸೂರ್ಯಕಾಂತಿ ಎಣ್ಣೆಗೆ ಹೋಲಿಸಿ ನೋಡಿದಾಗ ಇದೊಂದೇ ಹಾಗೆ ಮಾಡಿದ್ದು ಅಂತ 2003ರಲ್ಲೇ ಪ್ರಕಟವಾಗಿದೆ. ವರ್ತೂರಿನ ಗಡಸು ನೀರಿಗೆ ಇದು ಒಳ್ಳೆ ರಕ್ಷಣೆ. ಆದ್ರೆ ಅದು ಕೆಲಸ ಮಾಡೋದು ಇರೋ ಕೂದಲಿನ ಮೇಲೆ. ಬುಡದಲ್ಲಿ ಹೊಸದನ್ನ ಹುಟ್ಟಿಸಲ್ಲ. ತಲೆಹೊಟ್ಟು ಇದ್ರೆ ರಾತ್ರಿಯಿಡೀ ಎಣ್ಣೆ ಹಚ್ಚಿ ಮಲಗಬೇಡಿ, ಹೊಟ್ಟಿಗೆ ಕಾರಣವಾದ ಯೀಸ್ಟ್‌ಗೆ ಎಣ್ಣೆಯೇ ಊಟ.

ನಾನು ಕಿಟ್ ನಿಲ್ಲಿಸಿದೆ. ಅದನ್ನ ರದ್ದು ಮಾಡಿಸೋಕೆ ಮೂರು ಸಲ ಫೋನ್ ಮಾಡಬೇಕಾಯ್ತು. ಕಬ್ಬಿಣದ ಮಾತ್ರೆ ನುಂಗಿದೆ, ವಾರಕ್ಕೆರಡು ಸಲ ಅಮ್ಮನ ಎಣ್ಣೆ ಹಚ್ಚಿದೆ. ಡಿಸೆಂಬರ್ ಕೊನೆಗೆ 140, ಜನವರಿ ಮಧ್ಯಕ್ಕೆ 95, ಫೆಬ್ರವರಿ 8ಕ್ಕೆ 61. ಅಲ್ಲಿಗೆ ಎಕ್ಸೆಲ್ ಮುಚ್ಚಿದೆ. ಈಗ ವೀಡಿಯೋ ಕಾಲ್‌ನಲ್ಲಿ ನನ್ನ ಹಣೆ ಮೇಲೆ ಎರಡು ಇಂಚಿನ ಮರಿ ಕೂದಲು ಕಿರೀಟದ ಥರ ನಿಂತಿರುತ್ತೆ, ಯಾವ ಜೆಲ್‌ಗೂ ಬಗ್ಗಲ್ಲ. ಟೀಮ್‌ನವರು ಕರೆಂಟ್ ಹೊಡೀತಾ ಅಂತ ಕೇಳ್ತಾರೆ.

ಅಮ್ಮ ಮಾತ್ರ ತಿಪಟೂರಿನಲ್ಲೆಲ್ಲ ತಮ್ಮ ಎಣ್ಣೆಯ ಮಹಿಮೆ ಹೇಳ್ಕೊಂಡು ಬಂದಿದ್ದಾರೆ. ನಾನು ಡೆಂಗ್ಯೂ, ಫೆರಿಟಿನ್, ನೋಟಿಸ್ ಪೀರಿಯಡ್ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಹೂಂ, ಅದೂ ಇರುತ್ತೆ” ಅಂದ್ರು. ಹೋದ ವಾರ ದೊಡ್ಡಮ್ಮನ ಮಗಳಿಗೂ ಎರಡು ಲೀಟರ್ ಹೋಗಿದೆ, ಬಾಣಂತಿ, ಅವಳಿಗೆ ಈಗ ಹಿಡಿಹಿಡಿ ಉದುರ್ತಿದೆಯಂತೆ. ಫೋನ್ ಮಾಡಿದೆ. “ಅಕ್ಕ, ನಂದು ಬೋಳಾಗೋಗುತ್ತೆ ಕಣಕ್ಕ” ಅಂತ ಅಳ್ತಿದ್ದಳು. ಮಗು ಹುಟ್ಟಿದ್ದು ಯಾವತ್ತು ಅಂತ ಕೇಳಿದೆ. ನವೆಂಬರ್ 20. ಬೆರಳು ಮಡಚಿ ಎಣಿಸಿ, ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುತೇಕ ಸರಿಹೋಗಿರುತ್ತೆ, ಅಲ್ಲಿವರೆಗೆ ಫೆರಿಟಿನ್ ಒಂದು ನೋಡಿಸ್ಕೋ, ಕೂದಲಿಗೆ ಅಂತ ಯಾವ ಮಾತ್ರೆಯನ್ನೂ ಆನ್‌ಲೈನಲ್ಲಿ ತರಿಸಬೇಡ ಅಂದೆ. ಎಣ್ಣೆ ಹಚ್ಚಲಾ ಅಂದಳು. ಹಚ್ಚು, ಆಮೇಲೆ ಅಮ್ಮನಿಗೆ ಫೋನ್ ಮಾಡಿ ಅದರಿಂದಲೇ ವಾಸಿಯಾಯ್ತು ಅಂತ ಹೇಳು ಅಂದೆ.